ಅರ್ಧ ಗಡ್ಡದ ಅಜ್ಜ

ಜೂನ್ ೪

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆ ಸಿಗದೆ ಕೆಳಗೆ ಕೂತ ನನ್ನಂಥ ನಗಣ್ಯರೇ, ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಮಾನ್ಯರೇ,

ಏಣಿ ಎಂಬ ಅಡ್ಡಹೆಸರಿನ ಭೌತವಿಜ್ಞಾನಿಯೂ ಪ್ರಾಸ ಎಂಬ ಅಡ್ಡಹೆಸರಿನ ಕಾಲೇಜು ಮೇಷ್ಟರೂ ಸೇರಿ ಬರೆಯುತ್ತಿರುವ ಪುಸ್ತಕ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ನಿಂತಿದೆ ಎಂದರೆ ನಿಂತೇ ಇದೆ, ಕೆಟ್ಟುಹೋದ ಬಸ್ಸಿನ ಹಾಗೆ.

ಏಣಿ, ಭಾಷಣ ಸಾಕು. ನಿನ್ನ ಕರಡು ಬಂತು. ಮೊದಲ ವಾಕ್ಯ: ‘ಪರಸ್ಪರ ಹೆಣೆದುಕೊಂಡ ವ್ಯವಸ್ಥೆಯ ಒಂದು ಭಾಗದ ಮೇಲೆ ಕೈಗೊಳ್ಳಲಾದ ಮಾಪನವು ದೂರಸ್ಥ ಭಾಗದ ಸ್ಥಿತಿಯ ತತ್‌ಕ್ಷಣದ ಕುಸಿತಕ್ಕೆ ಕಾರಣವಾಗುವುದೆಂದು ಭಾವಿಸಲಾಗುವುದಾದರೂ…’ ಲೋ, ಇದು ವಾಕ್ಯವಲ್ಲ, ಸಿಮೆಂಟು ಚೀಲ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ನನ್ನ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿರುತ್ತಾಳೆ, ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಓದುತ್ತೇನೆ. ಅರ್ಥವಾಗದಿದ್ದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತ ವಾಕ್ಯಕ್ಕೆ ಕತ್ತರಿ. ನಿನ್ನದಕ್ಕೆ ಯಂತ್ರ ನಿಂತದ್ದಲ್ಲದೆ ದಾರವೂ ಕಡಿಯಿತು.

ಪ್ರಶ್ನೆ ಇಷ್ಟೇ ತಾನೆ? ಒಟ್ಟಿಗೆ ಹುಟ್ಟಿದ ಎರಡು ಕಣ. ಇಲ್ಲಿಯದನ್ನು ಅಳೆದು ಅದು ‘ಮೇಲೆ’ ಅಂದರೆ, ಎಷ್ಟೋ ದೂರದ ಇನ್ನೊಂದು ಅದೇ ಕ್ಷಣ ‘ಕೆಳಗೆ’ ಎಂದು ನಿಶ್ಚಯವಾಗಿಬಿಡುತ್ತದೆ. ಕ್ವಾಂಟಂನವರು ಇದಕ್ಕೆ ಕುಸಿತ ಅನ್ನುತ್ತಾರೆ. ಬೆಳಕಿಗಿಂತ ಬೇಗ ಸುದ್ದಿ ಓಡಬಾರದು ಎಂದು ಸಾಪೇಕ್ಷತೆಯವರ ಕಟ್ಟಪ್ಪಣೆ. ಹಾಗಾದರೆ ಅಲ್ಲಿಯ ಕಣಕ್ಕೆ ಹೇಳಿದವರು ಯಾರು? ನನ್ನ ಉದಾಹರಣೆ ಕೇಳು: ಒಂದು ಜೊತೆ ಚಪ್ಪಲಿ. ಒಂದು ಡಬ್ಬ ನಿನಗೆ, ಒಂದು ನನಗೆ. ನನ್ನದನ್ನು ಬಿಚ್ಚಿದೆ, ಎಡಗಾಲಿನದು. ತಕ್ಷಣ ನಿನ್ನದು ಬಲಗಾಲಿನದು! ಯಾರೂ ಓಡಲಿಲ್ಲ, ಯಾರೂ ಬೆವರಲಿಲ್ಲ. ಯಂತ್ರವೂ ನಿಲ್ಲಲಿಲ್ಲ.

ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. ನಮ್ಮ ಪ್ರಿನ್ಸಿಪಾಲರು ಅದನ್ನು ಕತ್ತರಿಸಿ ಸ್ಟಾಫ್ ರೂಮಿನಲ್ಲಿ, ಸರಿಯಾಗಿ ನನ್ನ ಕುರ್ಚಿಯ ಎದುರು ಅಂಟಿಸಿದ್ದಾರೆ. “ಇವರೂ ನೀವೂ ಒಂದೇ ಬೆಂಚಂತೆ, ಹೌದಾ?” ಅಂದರು. ಹೌದು ಸಾರ್ ಅಂದೆ. “ಒಂದೇ ಬೆಂಚು!” ಎಂದು ಇನ್ನೊಮ್ಮೆ ಹೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಪ್ಪು ಬೆಂಚಿನದಲ್ಲ ಎಂದು ಅವರಿಗೆ ಖಾತ್ರಿಯಾಯಿತು.

ಇರಲಿ. ಭೌತಶಾಸ್ತ್ರ ನಿನ್ನದು, ಕನ್ನಡ ನನ್ನದು. ಪಾಲಾದ ಆಸ್ತಿಗೆ ತಂಟೆಯಿಲ್ಲ. ಫೋನ್ ಮಾಡಬೇಡ. ಹಿಂದಿನ ಅಧ್ಯಾಯಕ್ಕೆ ಫೋನಿನಲ್ಲಿ ಆದ ಜಗಳ ಸಾಕು. ಬೈಗುಳ ಅಂಚೆಯಲ್ಲೇ ಬರಲಿ, ದಾರಿಯಲ್ಲಿ ಸ್ವಲ್ಪ ತಣ್ಣಗಾಗಿರುತ್ತದೆ.

ನಿನ್ನ,
ಪ್ರಾಸ


ಜೂನ್ ೨೦

ಪ್ರಾಸ,

ಚಪ್ಪಲಿ ವಾಪಸ್ ತಗೋ. ಡಬ್ಬ ಬಿಚ್ಚುವ ಮೊದಲೇ ಅದು ಎಡಗಾಲಿನದಾಗಿತ್ತು. ನಿನಗೆ ಗೊತ್ತಿರಲಿಲ್ಲ, ಅಷ್ಟೆ. ಕಣ ಹಾಗಲ್ಲ. ಅಳೆಯುವ ತನಕ ಅದು ಎಡವೂ ಅಲ್ಲ, ಬಲವೂ ಅಲ್ಲ. ಎರಡೂ ಮೊದಲೇ ಗುಟ್ಟಾಗಿ ಮಾತಾಡಿಕೊಂಡು ಹೊರಟಿದ್ದರೆ ನಮ್ಮ ಪ್ರಯೋಗದ ಅಂಕಿ ಬೇರೆ ಥರ ಬರಬೇಕಿತ್ತು. ಬರುವುದಿಲ್ಲ. ದಿನವೂ ನೋಡುತ್ತೇನೆ. ಕಪ್ಪು ಪರದೆಯ ಕೋಣೆ, ಗಾಳಿ ತುಂಬಿದ ಕಾಲುಗಳ ಮೇಲೆ ಅಲುಗಾಡದ ಮೇಜು, ಅಲ್ಲಿಂದ ಕಾರಿಡಾರಿನ ಎರಡು ತುದಿಗೆ ಎರಡು ಗಾಜಿನ ಎಳೆ. ಆ ತುದಿಯಲ್ಲಿ ಟಿಕ್, ಈ ತುದಿಯಲ್ಲಿ ಟಿಕ್.

ನಿಜವಾದ ಕಷ್ಟ ನೀನು ಹಾರಿಸಿಬಿಟ್ಟ ಜಾಗದಲ್ಲಿದೆ. ‘ಅದೇ ಕ್ಷಣ’ ಎಂದು ಬರೆದೆಯಲ್ಲ, ಯಾರ ಕ್ಷಣ? ಬಹಳ ದೂರದಲ್ಲಿರುವ ಎರಡು ಟಿಕ್‌ಗಳು. ಒಂದರ ಸುದ್ದಿ ಇನ್ನೊಂದನ್ನು ಮುಟ್ಟಲು ಬೆಳಕಿಗೂ ಪುರುಸೊತ್ತಿಲ್ಲ. ಆಗ ಒಂದು ದಿಕ್ಕಿಗೆ ವೇಗವಾಗಿ ಹೋಗುವವನ ಲೆಕ್ಕದಲ್ಲಿ ಇಲ್ಲಿಯದು ಮೊದಲು. ಎದುರು ದಿಕ್ಕಿಗೆ ಹೋಗುವವನ ಲೆಕ್ಕದಲ್ಲಿ ಅಲ್ಲಿಯದು ಮೊದಲು. ಇಬ್ಬರೂ ಸರಿ. ಹಾಗಿದ್ದ ಮೇಲೆ ಯಾವ ಟಿಕ್ ಯಾವುದನ್ನು ಬೀಳಿಸಿತು? ಇದನ್ನು ಮನೆಯಲ್ಲಿ ಕೂತವರಿಗೆ ಹೇಳುವ ಒಂದು ವಾಕ್ಯ ಬೇಕು. ಅದು ನಿನ್ನ ಕೆಲಸ. ನನಗೆ ಬರುವುದಿಲ್ಲ.

ತಂಗಿಗೆ ಹೇಳು, ದಾರ ಕಡಿದದ್ದಕ್ಕೆ ಕ್ಷಮೆ ಇರಲಿ.

ಇತಿ,
ಏಣಿ


ಜುಲೈ ೯

ಏಣಿ,

ಚಪ್ಪಲಿ ಕ್ಷೇಮವಾಗಿ ತಲುಪಿತು. ಎರಡೂ ನೇರವಾಗಿ ಮುಖಕ್ಕೆ.

ಆಮೇಲೆ ಬೇಕಾದಷ್ಟು ಉದಾಹರಣೆ ಹೊಸೆದೆ. ರೈಲಿನ ಎರಡು ದೀಪ, ಅವಳಿ ಮಕ್ಕಳು, ತಕ್ಕಡಿಯ ಎರಡು ತಟ್ಟೆ. ಒಂದೊಂದಕ್ಕೂ ಯಂತ್ರ ನಿಂತಿತು. ಈಗ ಇವಳು ನಾನು ಹಾಳೆ ಹಿಡಿದು ಬಂದರೆ ಸಾಕು, ಮೊದಲೇ ಕಾಲು ತೆಗೆದು ಕೂರುತ್ತಾಳೆ. ನಿನ್ನೆ ಅಂದಳು: “ಏಣಿ ಅಣ್ಣ ಪತ್ರದಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದಾರೆ. ಆ ತುದೀಲಿ ಟಿಕ್, ಈ ತುದೀಲಿ ಟಿಕ್. ಪುಸ್ತಕ ಅಂದ ಕೂಡಲೆ ಯಾಕೆ ಕೋಟು ಹಾಕ್ಕೋತಾರೆ?”

ಟಿಕ್ ಅಂದರೆ ಚೆನ್ನಾಗಿ ಹೇಳಿದ ಹಾಗಂತೆ! ಗಡಿಯಾರವೂ ಹೇಳುತ್ತದೆ, ದಿನವಿಡೀ.

ಕಾಲೇಜಿನಲ್ಲಿ ನಿನ್ನ ಫೋಟೋದ ಒಂದು ಮೂಲೆ ಎದ್ದಿದೆ. ನಾನು ಮುಟ್ಟಿಲ್ಲ, ಫ್ಯಾನಿನ ಗಾಳಿ. ಅಂಟಿಸಲೂ ಇಲ್ಲ.

ನಿನ್ನ,
ಪ್ರಾಸ

(ಅಣ್ಣಾ, ಇವರು ಲಕೋಟೆ ಅಂಟಿಸುವ ಮೊದಲು ಎರಡು ಸಾಲು. ನೀವೇ ಒಮ್ಮೆ ಬರೆದು ನೋಡಿ. ಮಾತಾಡುವ ಹಾಗೆ ಬರೆಯಿರಿ, ಸಾಕು. ಇವರಿಗೆ ಪ್ರಾಸ ಸಿಕ್ಕಿದರೆ ಅರ್ಥ ಕೈಬಿಟ್ಟು ಹೋಗುತ್ತದೆ. — ತಂಗಿ)


ಆಗಸ್ಟ್ ೧೧

ಏಣಿ,

ಬಹಳ ದಿನದಿಂದ ನಿನ್ನ ಪತ್ರವಿಲ್ಲ. ಏನು ಬರೆಯುತ್ತಿದ್ದೀಯೋ, ಬರೆಯುತ್ತಿದ್ದೀಯೋ ಇಲ್ಲವೋ, ನನಗೇನೂ ಗೊತ್ತಿಲ್ಲ. ಇಂದು ನನಗೇ ಒಂದು ಉದಾಹರಣೆ ಹೊಳೆಯಿತು. ತಡಮಾಡದೆ ಬರೆಯುತ್ತಿದ್ದೇನೆ.

ಒಬ್ಬ ಬಸ್ಸು ಹತ್ತುತ್ತಾನೆ. ದೂರದ ಊರಲ್ಲಿ ಅವನ ಅಕ್ಕ ಆಸ್ಪತ್ರೆ ಸೇರಿದ್ದಾಳೆ. ಇವನು ಕಿಟಕಿ ಪಕ್ಕದ ಸೀಟು ಹಿಡಿದು ಟಿಕೆಟ್ ಮಡಚುತ್ತಿರುವಾಗ ಅಲ್ಲಿ ಮಗು ಹುಟ್ಟುತ್ತದೆ. ಆ ಗಳಿಗೆಗೆ ಇವನು ಸೋದರಮಾವ. ಇವನ ಮೈಯಲ್ಲಿ ಏನೂ ಆಗಲಿಲ್ಲ, ಅಲ್ಲಿಂದ ಯಾವ ಸುದ್ದಿಯೂ ಬರಲಿಲ್ಲ. ಕುಸಿತ ಅಂದರೂ ಇದೇ: ಓಡಿ ಬಂದು ತಟ್ಟುವ ವಸ್ತುವಲ್ಲ, ಲೆಕ್ಕದಲ್ಲಿ ಬದಲಾಗುವ ಸಂಬಂಧ.

ಹತ್ತಿದವನು ಬರೀ ತಮ್ಮ, ಇಳಿದವನು ಮಾವ,
ಬದಲಿಸಿದ್ದು ಯಾರೆಂದು ತಿಳಿಯದು ಪಾಪ ಜೀವ!

ಹೇಗಿದೆ? ನಿನ್ನ ತಂಗಿ ಈ ಸಲ ಏನೂ ಬರೆಯುವುದಿಲ್ಲವಂತೆ. ಶಾಲೆಯವರ ಸಮವಸ್ತ್ರ ಹೊಲಿಯುವ ತುರ್ತಂತೆ.

ನಿನ್ನ,
ಪ್ರಾಸ


ಆಗಸ್ಟ್ ೧೨

ಪ್ರಾಸ, ತಂಗೀ,

ತಂಗಿ ಹೇಳಿದ ಹಾಗೆ ಕೋಟು ಬಿಚ್ಚಿಟ್ಟು ಬರೆದೆ. ನಗಬೇಡಿ. ಅಥವಾ ನಗಿ.

ಒಬ್ಬ ಕನ್ನಡಿ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದಾನೆ. ದೂರದ ಊರಲ್ಲಿ ಅವನ ಮಗಳಿಗೆ ಹೆರಿಗೆ. ಎಡಗೆನ್ನೆ ಹೆರೆಯುವಾಗ ಅವನು ಅಪ್ಪ. ಬಲಗೆನ್ನೆಗೆ ಬರುವಷ್ಟರಲ್ಲಿ ಅಜ್ಜ. ಕನ್ನಡಿ ಸುಳಿವು ಕೊಡಲಿಲ್ಲ. ನೊರೆ ನೊರೆಯಾಗೇ ಇತ್ತು. ಅವನು ಮೊದಲಿನಷ್ಟೇ ಗಲ್ಲ ಕುಯ್ದುಕೊಂಡ. ಸುದ್ದಿ ಬಂದ ಮೇಲೆ ಹೆಂಡತಿ ಕೇಳಿದಳು: “ಅಜ್ಜ ಆಗಿದ್ದು ಯಾವ ಕೆನ್ನೆಯಲ್ಲಿ?”

ಈಗ ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ ಎಡಗೆನ್ನೆಯಲ್ಲೇ ಅಜ್ಜನಾದ. ಎದುರು ದಿಕ್ಕಿನವನ ಲೆಕ್ಕದಲ್ಲಿ ಎರಡೂ ಕೆನ್ನೆ ತೊಳೆದ ಮೇಲೆ. ಇಬ್ಬರೂ ಜಗಳವಾಡಬೇಕಿಲ್ಲ, ಯಾಕೆಂದರೆ ಕನ್ನಡಿ ಮುಂದೆ ಏನೂ ನಡೆದೇ ಇಲ್ಲ. ಕಣಗಳಲ್ಲೂ ಹಾಗೆ. ಯಾರದು ಮೊದಲು ಎಂದು ಹಿಡಿದು ಲೆಕ್ಕ ಮಾಡಿದರೂ ಕೊನೆಗೆ ಸಿಗುವ ಅಂಕಿ ಒಂದೇ. ಕುಸಿತವನ್ನು ಅವರವರು ಅವರವರ ‘ಈಗ’ದಲ್ಲಿ ಬರೆದುಕೊಳ್ಳಲಿ, ಕೂಡಿಸಿದಾಗ ತಾಳೆಯಾಗುತ್ತದೆ. (ನಿಜಕ್ಕೂ ಹೀಗಾಗಲು ಅಜ್ಜ ನಕ್ಷತ್ರದಷ್ಟು ದೂರ ಇರಬೇಕು. ಇರಲಿ, ಕ್ಷೌರ ಎಲ್ಲಿ ಬೇಕಾದರೂ ಮಾಡಿಕೊಳ್ಳಬಹುದು.)

ಇದರಿಂದ ಎಲ್ಲರಿಗೂ ಸಮಾಧಾನವಾಗುವುದಿಲ್ಲ. ಕುಸಿತ ಬರೀ ಲೆಕ್ಕವಲ್ಲ, ನಿಜವಾಗಿ ನಡೆಯುವುದು ಅನ್ನುವವರಿದ್ದಾರೆ. ಅವರಿಗೂ ಒಂದು ಪುಟ ಇಡೋಣ.

ತಿದ್ದುವುದಿದ್ದರೆ ತಿದ್ದು.

ಇತಿ,
ಏಣಿ


ಆಗಸ್ಟ್ ೨೪

ಏಣಿ,

ಎಂಥ ವಿಚಿತ್ರ ನೋಡು! ನಿನ್ನ ಹನ್ನೆರಡರ ಪತ್ರ ಬಂದಾಗ ನನ್ನ ಹನ್ನೊಂದರದು ಆಗಲೇ ಹೊರಟುಹೋಗಿತ್ತು. ಎರಡೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಬಂದಿವೆ. ನಿನ್ನದರಲ್ಲಿ ಅಜ್ಜ, ನನ್ನದರಲ್ಲಿ ಸೋದರಮಾವ. ಎರಡೂ ಒಂದೇ ಹೆರಿಗೆ ವಾರ್ಡಿನವು. ಮನೆಯಲ್ಲಿ ಹೇಳಿದೆ, ನೋಡು, ನನಗೂ ಅದೇ ಹೊಳೆದಿತ್ತು, ಎಂದು. “ಹೌದಾ” ಅಂದಳು. ಅಷ್ಟೇ ಅಂದಳು.

ನಿನ್ನ ಅಜ್ಜ ಪರವಾಗಿಲ್ಲ. ‘ಮೊದಲಿನಷ್ಟೇ ಗಲ್ಲ ಕುಯ್ದುಕೊಂಡ’ ಎಂಬುದು ಸ್ವಲ್ಪ ಹೆಚ್ಚಾಯಿತು. ‘ಹೆರೆಯುವುದು’, ಪಕ್ಕದಲ್ಲೇ ‘ಹೆರಿಗೆ’, ಕಿವಿಗೆ ತೊಡರುತ್ತದೆ. ಪ್ರಾಸವಂತೂ ಇಲ್ಲವೇ ಇಲ್ಲ. ಎರಡರಲ್ಲಿ ಯಾವುದನ್ನು ಇಡುವುದು ನೀನೇ ಹೇಳು. ಯಾರಿಗೆ ಮೊದಲು ಹೊಳೆಯಿತು ಎಂಬುದು ನನಗೆ ಮುಖ್ಯವಲ್ಲ. ತಾರೀಖು ಹೇಗೂ ಪತ್ರದಲ್ಲಿದೆ.

ನಿನ್ನ,
ಪ್ರಾಸ

(ಅಣ್ಣಾ, ಅಜ್ಜನ ಸಾಲಿಗೆ ಯಂತ್ರ ನಿಂತಿತು. ಅರ್ಥವಾಗದೆ ಅಲ್ಲ. ನಕ್ಕು ನಕ್ಕು ಸೂಜಿ ಎಲ್ಲಿದೆ ಅಂತಲೇ ಕಾಣಲಿಲ್ಲ. ಒಂದು ತೋಳು ಸೊಟ್ಟ ಹೊಲಿದುಹೋಗಿದೆ. ಸೋದರಮಾವನ ವಿಷಯ ನನ್ನನ್ನು ಕೇಳಬೇಡಿ. — ತಂಗಿ)


ಸೆಪ್ಟೆಂಬರ್ ೫

ಪ್ರೀತಿಯ ಪ್ರಾಸ,

ನಿನ್ನ ಹನ್ನೊಂದರ ಪತ್ರ ನನಗೆ ತಡವಾಗಿ ಸಿಕ್ಕಿತು, ಅಂಚೆಯವರು ಎಲ್ಲಿ ಸುತ್ತಾಡಿಸಿದರೋ. ಓದಿ ಕಾರಿಡಾರಿನಲ್ಲೇ ಕೂತುಬಿಟ್ಟೆ. ನಮ್ಮ ಪ್ರಯೋಗಾಲಯದ ಹುಡುಗಿಯರು ಬಿದ್ದೆ ಅಂದುಕೊಂಡು ಓಡಿಬಂದರು.

ನಿನಗೆ ಅರ್ಥವಾಯಿತೇನೋ? ನಾವೇ ಉದಾಹರಣೆ! ಅಂಚೆಗಿಂತ ಬೇಗ ಯಾವುದೂ ಓಡದ ಲೋಕ ಅಂದುಕೋ. ನೀನು ಅಲ್ಲಿ ಬರೆದೆ, ನಾನು ಇಲ್ಲಿ ಬರೆದೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರಲಿಲ್ಲ. ಆ ಲೋಕದಲ್ಲಿ ಯಾರು ಮೊದಲು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ತಾರೀಖಿನ ಒಂದು ದಿನದ ವ್ಯತ್ಯಾಸ ಎದುರು ದಿಕ್ಕಿನ ರೈಲಿನಲ್ಲಿ ವೇಗವಾಗಿ ಹೋಗುವವನಿಗೆ ತಿರುವುಮುರುವು. ಅಧ್ಯಾಯದ ಮೊದಲ ಪುಟವನ್ನೇ ಬದಲಿಸಿದೆ. ಈಗ ಅದು ನಮ್ಮ ಎರಡು ಪತ್ರಗಳಿಂದ ಶುರುವಾಗುತ್ತದೆ, ‘ಇದು ನಿಜವಾಗಿ ನಡೆದದ್ದು’ ಎಂದು.

ಪ್ರಕಾಶಕಿಗೆ ಓದಿ ಹೇಳಿದೆ. ಆಕೆ ಅನುಮಾನದ ಪ್ರಾಣಿ, ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಖು ನೋಡಿದಿರಾ ಅಂದರು. ಲಕೋಟೆ ಆಗಲೇ ಕಸದ ಬುಟ್ಟಿಗೆ ಹೋಗಿತ್ತು. ನಿನ್ನ ಮಾತಿಗೆ ಮುದ್ರೆ ಯಾಕೆ ಅಂದೆ.

ಇನ್ನೊಂದು ಹೇಳಿಬಿಡುತ್ತೇನೆ. ನಾವು ಓದುವಾಗ ಕಾಲೇಜಿನ ಗೋಡೆಪತ್ರಿಕೆಯಲ್ಲಿ ನಿನ್ನ ಚುಟುಕ ಬಂದ ದಿನ ಎಲ್ಲರೂ ಅದರ ಮುಂದೆ ಗುಂಪು ಕಟ್ಟುತ್ತಿದ್ದರು. ನಾನು ಎತ್ತರ ಇದ್ದೆನಲ್ಲ, ಹಿಂದೆ ನಿಂತು ಎಲ್ಲರ ತಲೆಯ ಮೇಲಿಂದ ಓದುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ನನ್ನ ಒಂದು ಸಾಲಿಗೂ ಯಾರೂ ನಿಂತು ನಕ್ಕವರಿಲ್ಲ. ಮದುವೆ ಮಾಡಿಕೊಳ್ಳಲು ಮರೆತವನು ನಾನು, ಅಜ್ಜನಾಗುವ ದಾರಿಯಿಲ್ಲ. ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಾ ಅದನ್ನೇ ಯೋಚಿಸುತ್ತಿದ್ದಾಗ ಆ ಸಾಲು ಬಂತು. ತಂಗಿ ನಕ್ಕಳು ಅಂತ ಓದಿದೆ. ಅದೇ ಹೊತ್ತಿಗೆ ನಿನಗೂ ಅದೇ ಹೊಳೆದಿತ್ತು ಅಂತಲೂ ಓದಿದೆ. ಒಂದು ಸಲವಾದರೂ ನಿನ್ನ ಸಮಕ್ಕೆ ಬಂದೆ ಕಣೋ.

ನಿನ್ನವನೇ,
ಏಣಿ


ಸೆಪ್ಟೆಂಬರ್ ೧೪

ಏಣಿ,

ಆ ಮೊದಲ ಪುಟ ಬೇಡ. ಲೇಖಕರು ತಮ್ಮನ್ನು ತಾವೇ ಮೆರೆಸಿಕೊಂಡ ಹಾಗಾಗುತ್ತದೆ. ಸಂಕೋಚ ಅನ್ನುವುದೂ ಒಂದಿದೆ.

ಅದೂ ಅಲ್ಲದೆ ಶಾಸ್ತ್ರದ ದೃಷ್ಟಿಯಿಂದಲೂ ತಪ್ಪು. ಅಜ್ಜನ ಗಲ್ಲವನ್ನು ಎಷ್ಟು ಹೆರೆದರೂ ಮೊಮ್ಮಗು ಹುಟ್ಟಿದ್ದು ತಿಳಿಯದು. ಕಣವನ್ನು ಅಳೆದರೆ ಉತ್ತರ ಬರುತ್ತದೆ, ಅದು ಇಲ್ಲಿಯ ಉತ್ತರಕ್ಕೆ ತಾಳೆಯಾಗುತ್ತದೆ. ಹಾಗಾಗಿ ಅಜ್ಜ ಬಿದ್ದ. ಸೋದರಮಾವನೂ ಬಿದ್ದ. ಪತ್ರಗಳೂ ಬಿದ್ದವು: ನಾವಿಬ್ಬರೂ ಒಂದೇ ಬೆಂಚಿನವರು, ಒಂದೇ ಮೇಷ್ಟರ ಶಿಷ್ಯರು, ಒಂದೇ ಥರ ಯೋಚಿಸಿದ್ದರಲ್ಲಿ ಏನು ಆಶ್ಚರ್ಯ? ಮತ್ತೆ ಅದೇ ಚಪ್ಪಲಿ ಕಥೆ. ಮೂರನ್ನೂ ತೆಗೆದು ಹಾಕು. ನಿನ್ನ ಹಳೆಯ ಸಿಮೆಂಟು ವಾಕ್ಯವೇ ಇರಲಿ, ಗಟ್ಟಿಯಾಗಾದರೂ ಇತ್ತು.

ಇವಳು ನನ್ನ ಜೊತೆ ಮಾತು ಬಿಟ್ಟಿಲ್ಲ. ನಾನು ಓದಲು ಬಂದರೆ ಮಾತ್ರ, “ನೀವು ಬರೆದದ್ದಾ, ಅಣ್ಣ ಬರೆದದ್ದಾ?” ಎಂದು ಕೇಳಿ ಆಮೇಲೆ ಯಂತ್ರ ತುಳಿಯುತ್ತಾಳೆ.

ಇತಿ,
ಪ್ರಾಸ


ಸೆಪ್ಟೆಂಬರ್ ೨೫

ಪ್ರಾಸ,

ತೆಗೆಯುವುದಿಲ್ಲ. ನೀನು ಹೇಳಿದ್ದೆಲ್ಲ ಸರಿ, ಅದನ್ನೂ ಸೇರಿಸಿದ್ದೇನೆ: ಅಜ್ಜನ ಉದಾಹರಣೆ ಎಲ್ಲಿ ಮುರಿಯುತ್ತದೆ, ಪತ್ರಗಳಲ್ಲಿ ಚಪ್ಪಲಿಯ ವಾಸನೆ ಎಲ್ಲಿದೆ, ಎಲ್ಲವನ್ನೂ. ಆದರೆ ‘ಯಾರು ಮೊದಲು’ ಎಂಬುದಕ್ಕೆ ಆ ಎರಡು ಪತ್ರಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಸುದ್ದಿ ಮುಟ್ಟದೆ ಇದ್ದಲ್ಲಿ ಮಾತ್ರ ಮೊದಲು-ಆಮೇಲೆ ಇಲ್ಲ. ಸುದ್ದಿ ಮುಟ್ಟಿದರೆ ಯಾವ ರೈಲಿನವನಿಗೂ ಸಂಶಯವಿಲ್ಲ, ಕಳಿಸಿದ್ದು ಮೊದಲು, ಮುಟ್ಟಿದ್ದು ಆಮೇಲೆ. ಓದುಗರಿಗೆ ಕಾಣಬೇಕಾದ್ದು ಈ ಗೆರೆ, ಅದನ್ನು ನಮ್ಮ ಪತ್ರಗಳು ತೋರಿಸುತ್ತವೆ.

ಇಷ್ಟು ಸಂಕೋಚ ನಿನಗೆ ಯಾವಾಗಿನಿಂದ? ಪ್ರಕಾಶಕಿ ಮುಖಪುಟದಲ್ಲಿ ಯಾರ ಹೆಸರು ಮೊದಲು ಎಂದು ಕೇಳಿದರು. ನಿನ್ನದು ಅಂದೆ. ಹನ್ನೊಂದು ಹನ್ನೆರಡಕ್ಕಿಂತ ಮೊದಲು ತಾನೆ? ತಮಾಷೆಗೆ ಅಂದೆ, ಆದರೆ ಹಾಗೇ ಇರಲಿ. ಪುಟಗಳು ಅಚ್ಚಿಗೆ ಹೊರಟಿವೆ. ತಿದ್ದುವುದಿದ್ದರೆ ಬೇಗ ತಿಳಿಸಬೇಕಂತೆ.

ತಂಗಿಗೆ ಹೇಳು, ಸೊಟ್ಟ ಹೊಲಿದ ಆ ತೋಳನ್ನು ಬಿಚ್ಚಬೇಡ ಅಂತ. ಬಂದಾಗ ನೋಡುತ್ತೇನೆ.

ನಿನ್ನವನೇ,
ಏಣಿ


ಅಕ್ಟೋಬರ್ ೧

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಕೆಳಗಿನ ನಗಣ್ಯರೇ, ಗ್ರಂಥ ಬಿಡುಗಡೆಯ ಈ ಶುಭ ಸಂದರ್ಭದಲ್ಲಿ ಮೊದಲ ಹೆಸರಿನ ಲೇಖಕನಾಗಿ ನಾಲ್ಕು ಮಾತಾಡಲು ನನಗೆ ಅವಕಾಶ ಮಾಡಿಕೊಟ್ಟ

ಬೇಡ. ಆಗುವುದಿಲ್ಲ ಏಣಿ.

ಆಗಸ್ಟಿನಲ್ಲಿ ಅಜ್ಜನಿದ್ದ ನಿನ್ನ ಹನ್ನೆರಡರ ಪತ್ರ ಬಂದದ್ದು ಒಂದು ಮಧ್ಯಾಹ್ನ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಇವಳು ಒಡೆದಿದ್ದಳು. “ಕೂತ್ಕೊಳ್ಳಿ, ಇವತ್ತು ನಾನು ಓದ್ತೀನಿ, ನೀವು ತುಳೀರಿ” 	ಅಂದಳು. ಅಪ್ಪ, ಅಜ್ಜ, ನೊರೆ. ಓದುತ್ತಾ ಓದುತ್ತಾ ನಗು ತಡೆಯಲಾಗದೆ ಹಾಳೆಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಯಂತ್ರಕ್ಕೆ ವಾಪಸ್ ಕೂತಳು, ಒಂದೆರಡು ಹೊಲಿಗೆ ಹಾಕಿ ಮತ್ತೆ ನಕ್ಕಳು, ತೋಳು ಸೊಟ್ಟಗಾಯಿತು. ಮದುವೆಯಾದಾಗಿನಿಂದ ಅವಳ ಪಕ್ಕದ ಸ್ಟೂಲಿನಲ್ಲಿ ಕೂತು ಓದುತ್ತಿದ್ದೇನೆ. ನನ್ನ ಯಾವ ಸಾಲಿಗೂ ಅವಳು ಹೊಲಿಗೆ ಕೆಡಿಸಿಕೊಂಡಿಲ್ಲ. ಯಂತ್ರ ನಿಲ್ಲದಿದ್ದರೆ ಸಾಕು ಎಂದು ನಾನೇ ಕಾಯಿದೆ ಮಾಡಿಕೊಂಡಿದ್ದೆ, ನಿಲ್ಲಿಸುವ ಸಾಲೂ ಇರುತ್ತದೆ ಎಂದು ಗೊತ್ತಿರಲಿಲ್ಲ.

ನಿನಗೆ ಪ್ರಯೋಗಾಲಯ ಇತ್ತು, ಫೋಟೋ ಇತ್ತು. ಅವನ್ನು ನಿನಗೇ ಬಿಟ್ಟುಕೊಟ್ಟಿದ್ದೆ. ನನ್ನ ಪಾಲಿಗೆ ಇದ್ದದ್ದು ಕನ್ನಡದ ಸಾಲೊಂದೇ, ಅದನ್ನೂ ನೀನೇ ತೆಗೆದುಕೊಂಡೆ.

ನನ್ನ ಹೆಸರು ತೆಗೆಸು, ಮೊದಲ ಪುಟ ತೆಗೆಸು. ಅಜ್ಜನನ್ನು ಹಾಗೇ ಬಿಡು, ಒಂದಕ್ಷರವನ್ನೂ ಮುಟ್ಟಬೇಡ. ಈ ಪತ್ರ ಅಚ್ಚಿನವರಿಗಿಂತ ಮೊದಲು ನಿನ್ನನ್ನು ಮುಟ್ಟದಿದ್ದರೆ ಎಂಬ ಭಯಕ್ಕೆ ಫೋನನ್ನೂ ಮಾಡುತ್ತೇನೆ. ನೀನು ಎತ್ತಿದರೆ ಮಾತು ಬರುತ್ತದೋ ಇಲ್ಲವೋ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಪತ್ರಗಳು ದಾರಿಯಲ್ಲಿ ದಾಟಲಿಲ್ಲ. ನಿನ್ನ ಅಜ್ಜ ನನ್ನ ಮೇಜಿನ ಮೇಲಿದ್ದ. ಅವನನ್ನು ನೋಡಿಕೊಂಡು ಸೋದರಮಾವನನ್ನು ಬರೆದೆ, ಬರೆದಾದ ಮೇಲೆ ಹನ್ನೊಂದನೇ ತಾರೀಖು ಹಾಕಿದೆ.

ಪ್ರಾಸ